ನಾಯಕರ ಗುಡ್ಡದ ಮೇಲೆ ಸಾಹೇಬರ ಬಂಗಲೆ

ಯಾದಗಿರಿಯಲ್ಲಿ ರೈಲು ಇಳಿದು ತಲೆ ಎತ್ತಿದರೆ ಊರ ನೆತ್ತಿಯ ಮೇಲೆ ಕೋಟೆ. ಶಹಾಪುರಕ್ಕೆ ಬಂದರೆ ಮಲಗಿದ ಬುದ್ಧನಂತೆ ಕಾಣುವ ಬೆಟ್ಟದ ಸಾಲು, ಅಲ್ಲೂ ಕೋಟೆಯ ಗೋಡೆ. ಸುರಪುರವಂತೂ ವೈರಿಯ ಕಣ್ಣಿಗೆ ಬೀಳಬಾರದೆಂದೇ ಗುಡ್ಡಗಳ ನಡುವೆ ಇಟ್ಟ ಊರು. ಈ ಮೂರೂ ಊರುಗಳಲ್ಲಿ ಕಲ್ಲಿನ ಮೇಲೆ ಕಲ್ಲು ಏರಿಸಿದ್ದು ಹೆಚ್ಚಾಗಿ ಯುದ್ಧದ ಭಯಕ್ಕೇ. ಯುದ್ಧ ಮುಗಿದ ಮೇಲೆ ಅವುಗಳಲ್ಲಿ ಯಾವುದು ಉಳಿಯಿತು, ಯಾಕೆ ಉಳಿಯಿತು ಎಂಬುದಕ್ಕೆ ಸುರಪುರದ ಟೇಲರ್ ಮಂಜಿಲ್ ಎಂಬ ಬಂಗಲೆಗಿಂತ ಒಳ್ಳೆಯ ಸಾಕ್ಷಿ ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ಆ ಬಂಗಲೆಗೆ ಹೋಗುವ ಮೊದಲು ವಾಗಣಗೇರಾಕ್ಕೆ ಹೋಗಬೇಕು. ಬೇಡರ ನಾಯಕರ ಮೊದಲಿನ ರಾಜಧಾನಿ ಅದು. 1705ರಲ್ಲಿ ಔರಂಗಜೇಬ ತಾನೇ ಬಂದು ಈ ಕೋಟೆಗೆ ಮುತ್ತಿಗೆ ಹಾಕಿದ. ಅವನಿಗೆ ಆಗ ಎಂಬತ್ತಾರು ದಾಟಿತ್ತು. ಬಿಜಾಪುರ, ಗೋಲ್ಕೊಂಡಗಳನ್ನು ನುಂಗಿದ ಬಾದಶಹ ಕೊನೆಯ ದಂಡಯಾತ್ರೆ ಮಾಡಿದ್ದು ಈ ಬೇಡರ ಗುಡ್ಡದ ಮೇಲೆ. ಪಿಡ್ಡ ನಾಯಕನ ಮಂದಿ ಬಂದೂಕಿನ ಗುರಿಯಲ್ಲಿ ಎಂಥ ಗಟ್ಟಿಗರೆಂದು ಮೊಗಲರ ಇತಿಹಾಸಕಾರರೇ ಬರೆದಿಟ್ಟಿದ್ದಾರೆ. ತಿಂಗಳುಗಟ್ಟಲೆ ಕಾದಾಟ ನಡೆಯಿತು, ಮರಾಠರು ಬೇಡರ ನೆರವಿಗೆ ಬಂದರು, ಬಾದಶಹ ತನ್ನ ಸೇನಾನಿ ಜುಲ್ಫಿಕರ್ ಖಾನನನ್ನು ಕರೆಸಬೇಕಾಯಿತು. ಏಪ್ರಿಲ್ ಕೊನೆಗೆ ಕೋಟೆ ಬಿತ್ತು. ಆದರೆ ನಾಯಕ ಸಿಗಲಿಲ್ಲ. ಮನೆಗಳಿಗೆ ಬೆಂಕಿ ಇಟ್ಟು ಹೊರಟುಹೋಗಿದ್ದ. ಗೆದ್ದ ಬಾದಶಹ ಕೃಷ್ಣೆಯ ಕಡೆಗಿನ ದೇವಾಪುರದಲ್ಲಿ ಬೀಡು ಬಿಟ್ಟ, ಅಲ್ಲಿಯೇ ಹಾಸಿಗೆ ಹಿಡಿದ. ಎರಡು ವರ್ಷದೊಳಗೆ ಅವನ ಆಯುಷ್ಯವೂ ತೀರಿತು.

ಅದಾದ ಮೇಲೆ ನಾಯಕರು ಕಟ್ಟಿ ಬೆಳೆಸಿದ್ದು ಸುರಪುರ. ಸುತ್ತ ಗುಡ್ಡ, ನಡುವೆ ಅರಮನೆ, ವೇಣುಗೋಪಾಲಸ್ವಾಮಿ ಗುಡಿ. ಗುಡ್ಡವೇ ಮುಕ್ಕಾಲು ಪಾಲು ಕೋಟೆ. ಸಂದು ಕಂಡಲ್ಲಿ ಮಾತ್ರ ಗೋಡೆ ಎಬ್ಬಿಸಿದರೆ ಸಾಕು. ಈಗಲೂ ಗೋಪಾಲಸ್ವಾಮಿ ಜಾತ್ರೆಯ ಹಾಲೋಕುಳಿಯಲ್ಲಿ ಹುಡುಗರು ಜಾರುವ ಕಂಬ ಹತ್ತುವುದನ್ನು ನೋಡಿದರೆ, ಈ ಊರಿನವರಿಗೆ ಗುಡ್ಡ ಹತ್ತುವುದೇನು ಮಹಾ ಎನಿಸುತ್ತದೆ.

1841ರಲ್ಲಿ ಈ ಊರಿಗೆ ಬಂದವನು ಫಿಲಿಪ್ ಮೆಡೋಸ್ ಟೇಲರ್. ಲಿವರ್‌ಪೂಲ್‌ನಲ್ಲಿ ಹುಟ್ಟಿ, ಹದಿನೈದರ ಹರೆಯದಲ್ಲಿ ಹಿಂದೂಸ್ತಾನಕ್ಕೆ ಬಂದು, ನಿಜಾಮನ ಫೌಜಿನಲ್ಲಿ ನೌಕರಿ ಹಿಡಿದವನು. ಠಗ್ಗರ ಕಥೆ ಬರೆದು 1839ರಲ್ಲಿಯೇ ಲಂಡನ್ನಿನಲ್ಲಿ ಹೆಸರು ಮಾಡಿದ್ದ. ಆ ಸುಮಾರಿಗೆ ಸುರಪುರದ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡ. ಮಗ ವೆಂಕಟಪ್ಪ ಇನ್ನೂ ಚಿಕ್ಕವನು, ರಾಣಿ ಈಶ್ವರಮ್ಮ ದಿಟ್ಟ ಹೆಂಗಸು. ಸಂಸ್ಥಾನದ ಲೆಕ್ಕಪತ್ರ ಟೇಲರನ ಕೈಗೆ ಬಂತು. ಎಂಜಿನಿಯರಿಂಗ್ ಶಾಲೆಯ ಮೆಟ್ಟಿಲು ಹತ್ತದೆ ರಸ್ತೆ, ಕೆರೆ, ಅಳತೆ, ನಕ್ಷೆ ಎಲ್ಲವನ್ನೂ ಮಾಡುತ್ತ ಮಾಡುತ್ತಲೇ ಕಲಿತವನು ಆತ. ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಮೇಲೆ 1866ರಲ್ಲಿ ಹೊರಬಂದ ಛಾಯಾಚಿತ್ರಗಳ ದೊಡ್ಡ ಪುಸ್ತಕಕ್ಕೆ ವಾಸ್ತುಶಿಲ್ಪದ ಇತಿಹಾಸಕಾರ ಫರ್ಗ್ಯುಸನ್ ಜೊತೆ ಬರಹ ಒದಗಿಸಿದವನೂ ಇವನೇ. ಶಹಾಪುರದ ಬಳಿ ವಿಭೂತಿಹಳ್ಳಿಯ ಹೊಲದಲ್ಲಿ ಸಾಲು ಸಾಲಾಗಿ ನಿಂತ ಪ್ರಾಚೀನ ಗುಂಡುಕಲ್ಲುಗಳ ಕಡೆಗೆ ವಿದ್ವಾಂಸರ ಕಣ್ಣು ತಿರುಗಿಸಿದ್ದೂ ಇವನ ಬರಹವೇ.

ಮಂಜಿಲ್ ಕಟ್ಟಿದ್ದು 1844ರಲ್ಲಿ. ಜಾಗದ ಆಯ್ಕೆಯಲ್ಲೇ ಸಿಪಾಯಿಯ ಬುದ್ಧಿ ಕಾಣುತ್ತದೆ: ಊರೊಳಗಲ್ಲ, ಗುಡ್ಡದ ಮೇಲೆ. ನಾಯಕರ ಕೋಟೆ ಹೊರಗಿನವರು ಒಳಗೆ ನುಗ್ಗದಂತೆ ಕಟ್ಟಿದ್ದು; ಸಾಹೇಬನ ಬಂಗಲೆ ಒಳಗಿನವರು ಏನು ಮಾಡುತ್ತಿದ್ದಾರೆಂದು ನೋಡಲು ಅನುಕೂಲವಾಗುವಂತೆ ಕಟ್ಟಿದ್ದು. ಬುರುಜಿಲ್ಲ, ಅಗಸಿ ಇಲ್ಲ, ತೋಪಿಗೆ ಕಂಡಿ ಇಲ್ಲ. ಆದರೂ ಊರಿನ ಮೇಲೆ ಅಧಿಕಾರ ನಡೆಸಲು ಇಂಥ ಕಟ್ಟಡ ಕೋಟೆಗಿಂತ ಕಡಿಮೆ ಏನಲ್ಲ. ಕಲ್ಲು-ಗಾರೆಯ ಗೋಡೆ, ಎತ್ತರದ ಮಾಳಿಗೆ, ಗಾಳಿಗೆ ತೆರೆದ ಬಾಗಿಲು ಕಿಟಕಿ ಇವೆಲ್ಲ ಆ ಕಾಲದ ಬಂಗಲೆಗಳ ಸಾಮಾನ್ಯ ರೀತಿ. ಏಪ್ರಿಲ್ ಮೇ ತಿಂಗಳ ನಮ್ಮ ಕಡೆಯ ಬಿಸಿಲು ಬಲ್ಲವರಿಗೆ ಅದರ ಕಾರಣ ಹೇಳಬೇಕಾಗಿಲ್ಲ.

ವೆಂಕಟಪ್ಪ ಟೇಲರನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನಂತೆ. 1853ರಲ್ಲಿ ಹುಡುಗನ ಕೈಗೆ ಸಂಸ್ಥಾನ ಒಪ್ಪಿಸಿ ಟೇಲರ್ ಹೊರಟ. ಐದು ವರ್ಷಕ್ಕೆ ವೆಂಕಟಪ್ಪ ಬ್ರಿಟಿಷರ ವಿರುದ್ಧ ತಿರುಗಿಬಿದ್ದ; 1858ರ ಫೆಬ್ರವರಿಯಲ್ಲಿ, ಅದೇ ಗುಡ್ಡಗಳ ಸಂದಿನಲ್ಲಿ ಕಂಪನಿಯ ಪಡೆ ಬಂದು ನಿಂತಿತು. ಆ ಪಡೆಯ ಕ್ಯಾಪ್ಟನ್ ನ್ಯೂಬೆರಿ ಸತ್ತ, ಸುರಪುರ ಸೋತಿತು, ವೆಂಕಟಪ್ಪ ಹೈದರಾಬಾದಿನಲ್ಲಿ ಸೆರೆಸಿಕ್ಕ. ಮದರಾಸಿನ ಕಡೆ ಸೆರೆಗೆ ಒಯ್ಯುವ ದಾರಿಯಲ್ಲಿ ತಾನೇ ಗುಂಡು ಹಾರಿಸಿಕೊಂಡ ಎಂಬುದು ಸರಕಾರಿ ಮಾತು. ಸುರಪುರದಲ್ಲಿ ಎಲ್ಲರೂ ಅದನ್ನು ಒಪ್ಪುವುದಿಲ್ಲ. ಕಮಿಷನರ್ ಆಗಿ ಟೇಲರ್ ಮತ್ತೆ ಬಂದದ್ದು, ತಾನೇ ಸಾಕಿದ ಸಂಸ್ಥಾನದ ಬಾಗಿಲು ಮುಚ್ಚಲಿಕ್ಕೆ. 1860ರಲ್ಲಿ ಸುರಪುರ ನಿಜಾಮನ ಪಾಲಾಯಿತು.

ಸೋತವರ ವಾಗಣಗೇರಾ ಪಾಳುಬಿದ್ದಿತು; ಗೆದ್ದವರ ಕಡೆಯ ಬಂಗಲೆ ಉಳಿಯಿತು. ಇದಕ್ಕೆ ಇತಿಹಾಸಪ್ರೀತಿ ಕಾರಣವಲ್ಲ. ಸರಕಾರಿ ಅತಿಥಿಗೃಹವಾಗಿ ಅದು ಬಳಕೆಯಲ್ಲಿ ಉಳಿದದ್ದೇ ಕಾರಣ. ಮಂದಿ ಮಲಗುವ ಮನೆಗೆ ಸೋರಿದ ಕೂಡಲೇ ರಿಪೇರಿ ಸಿಗುತ್ತದೆ. ಯಾರೂ ಮಲಗದ ಬುರುಜಿನ ಮೇಲೆ ಅರಳಿ ಗಿಡ ಬೇರು ಬಿಡುತ್ತದೆ. ಬೀದರಿನ ಕಥೆಯೂ ಹೀಗೇ. 1948ರಲ್ಲಿ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದವನು ಕರಾಚಿಯಿಂದ ನಿಜಾಮನಿಗೆ ಕದ್ದು ಆಯುಧ ತಂದಿಳಿಸಿದ ಆ ವಿಮಾನ ನಿಲ್ದಾಣ ಇವತ್ತು ವಾಯುಪಡೆಯ ತರಬೇತಿ ನೆಲೆಯಾಗಿ ಗಟ್ಟಿಯಾಗಿದೆ. ಕೆಲಸವಿದ್ದ ಕಟ್ಟಡಕ್ಕೆ ಸಾವಿಲ್ಲ.

ಆದರೆ ಬಳಕೆಗೂ ಅದರದೇ ಕಾಟವಿದೆ. ಗಾರೆಯ ಗೋಡೆ ಉಸಿರಾಡುವ ಗೋಡೆ. ಒಳಗಿನ ತೇವವನ್ನು ಹೊರಕ್ಕೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದು ಎಣ್ಣೆಬಣ್ಣ ಹೊಡೆದರೆ ತೇವ ಒಳಗೇ ಕೂತು, ನಾಲ್ಕಾರು ಮಳೆಗಾಲಕ್ಕೆ ಗಿಲಾಯಿ ಹಪ್ಪಳ ಹಪ್ಪಳವಾಗಿ ಎದ್ದು ಬೀಳುತ್ತದೆ. ಹಳೆಯ ಬಂಗಲೆಗಳಲ್ಲಿ ಮೊದಲು ಹಾಳಾಗುವುದು ಬಚ್ಚಲು ಕಟ್ಟಿದ ಮೂಲೆ, ಆಮೇಲೆ ಏ.ಸಿ. ಕೂರಿಸಲು ಒಡೆದ ಕಿಟಕಿ. ವರ್ಷಾಂತ್ಯಕ್ಕೆ ಅನುದಾನ ಖರ್ಚು ಮಾಡುವ ಅವಸರದಲ್ಲಿ ಆಗುವ ‘ನವೀಕರಣ’ಕ್ಕಿಂತ ಪಾಳು ಬಿಡುವುದೇ ವಾಸಿ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಸುಣ್ಣ ಅರೆದು, ಮರಳು ಬೆರೆಸಿ, ಕೊಳೆಹಾಕಿ ಗಾರೆ ಮಾಡುವ ಕೈಗಳು ಇನ್ನೂ ಇರುವಾಗಲೇ ಆ ಕೆಲಸವನ್ನು ಅವರಿಗೆ ಕೊಡಬೇಕು. ಸುರಪುರದ ಚಿತ್ರಕಲೆಯ ಚಿನ್ನದ ಗೆರೆಗೆ ಸಿಗುವ ಹೊಗಳಿಕೆಯಲ್ಲಿ ಕಾಲುಭಾಗ ಗೌಂಡಿಗಳಿಗೂ ಸಿಕ್ಕರೆ ಸಾಕು.

ಟೇಲರ್ ಮಾಡಿದ್ದರಲ್ಲಿ ಇವತ್ತಿಗೂ ಹೆಚ್ಚು ಕೆಲಸಕ್ಕೆ ಬರುವುದು ಮಂಜಿಲ್ ಅಲ್ಲ, ಬೋನಾಳ ಕೆರೆ. ನಾಯಕರು ಕಟ್ಟಿದ ಕೆರೆಯನ್ನು ಆತ ಬಲಪಡಿಸಿದ. ಈಗ ಅದು ಪಕ್ಷಿಧಾಮ. ಸುರಪುರಕ್ಕೆ ಬಂದವರಿಗೆ ಮಂಜಿಲ್ ಒಂದನ್ನೇ ತೋರಿಸಿ ಕಳುಹಿಸುವುದು ನಾಯಕರಿಗೆ ಮಾಡುವ ಅನ್ಯಾಯ. ಬೆಳಿಗ್ಗೆ ವಾಗಣಗೇರಾ, ಮಧ್ಯಾಹ್ನ ಅರಮನೆ ಮತ್ತು ಗುಡಿ, ಇಳಿಹೊತ್ತಿಗೆ ಬೋನಾಳದ ಏರಿ, ರಾತ್ರಿ ವಸ್ತಿಗೆ ಬೇಕಾದರೆ ಬಂಗಲೆ: ನನ್ನನ್ನು ಕೇಳಿದರೆ ದಾರಿ ಹೀಗಿರಬೇಕು.