ದೇಶದ ಹೆಸರಿನಲ್ಲಿ ಒಂದು ಹಾಡು: ಯೂರೋವಿಷನ್ ಆಯ್ಕೆಗಳ ಇತಿಹಾಸ

ಯೂರೋವಿಷನ್ ಗೀತಸ್ಪರ್ಧೆಯನ್ನು ದೇಶಗಳ ನಡುವಿನ ಪೈಪೋಟಿಯೆಂದು ಹೇಳುವುದು ವಾಡಿಕೆ. ಅಂಕಪಟ್ಟಿಯಲ್ಲಿ ಕಾಣುವುದೂ ದೇಶಗಳ ಹೆಸರುಗಳೇ. ಆದರೆ ನಿಯಮಗಳ ಪ್ರಕಾರ ಅದರಲ್ಲಿ ಭಾಗವಹಿಸುವವರು ಸರ್ಕಾರಗಳಲ್ಲ, 1950ರಲ್ಲಿ ಹುಟ್ಟಿದ ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ ಎಂಬ ಒಕ್ಕೂಟದ ಸದಸ್ಯ ಪ್ರಸಾರ ಸಂಸ್ಥೆಗಳು. ಬ್ರಿಟನ್ನಿನ ಪರವಾಗಿ ಬಿಬಿಸಿ, ಇಟಲಿಯ ಪರವಾಗಿ ರಾಯ್ ಹಾಡನ್ನು ಕಳುಹಿಸುತ್ತವೆ. ಅದನ್ನು ಆರಿಸುವ ಬಗೆಯನ್ನು ಒಕ್ಕೂಟವು ಬಹುಮಟ್ಟಿಗೆ ಆಯಾ ಸಂಸ್ಥೆಯ ವಿವೇಚನೆಗೇ ಬಿಟ್ಟಿದೆ. ಒಂದು ಕಚೇರಿಯ ತೀರ್ಮಾನವು ಇಡೀ ದೇಶದ ತೀರ್ಮಾನವೆಂದು ಕಾಣಿಸಿಕೊಳ್ಳಬೇಕಾದ ಈ ವ್ಯವಸ್ಥೆಯಲ್ಲಿ, ದೇಶದ ಹೆಸರಿನಲ್ಲಿ ಮಾತನಾಡುವ ಹಕ್ಕನ್ನು ಪ್ರಸಾರ ಸಂಸ್ಥೆ ಎಲ್ಲಿಂದ ಪಡೆಯುತ್ತದೆ ಎಂಬ ಪ್ರಶ್ನೆ ಮೊದಲಿನಿಂದಲೂ ಇತ್ತು. ಆಯ್ಕೆಯ ವಿಧಾನಗಳು ಏಳು ದಶಕಗಳಲ್ಲಿ ಮತ್ತೆ ಮತ್ತೆ ಬದಲಾದದ್ದು ಬಹುಪಾಲು ಈ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನವಾಗಿಯೇ.

ವಿಚಿತ್ರವೆಂದರೆ, ರಾಷ್ಟ್ರಮಟ್ಟದ ಆಯ್ಕೆಯ ಉತ್ಸವವು ಅಂತರರಾಷ್ಟ್ರೀಯ ಸ್ಪರ್ಧೆಗಿಂತ ಹಳೆಯದು. ಇಟಲಿಯ ಕರಾವಳಿ ಪಟ್ಟಣ ಸಾನ್‌ರೆಮೋದ ಕ್ಯಾಸಿನೊದಲ್ಲಿ 1951ರಲ್ಲಿ ಹೊಸ ಹಾಡುಗಳ ಸ್ಪರ್ಧೆಯೊಂದು ಆರಂಭವಾಗಿ, ರೇಡಿಯೊ ಮೂಲಕ ದೇಶಕ್ಕೆಲ್ಲ ಕೇಳಿಸಿತು; ಮೊದಲ ವರ್ಷದ 20 ಹಾಡುಗಳನ್ನು ಬೆರಳೆಣಿಕೆಯ ಗಾಯಕರೇ ಹಂಚಿಕೊಂಡು ಹಾಡಿದರು, ನಿಲ್ಲಾ ಪಿಟ್ಸಿ ಹಾಡಿದ ಗೀತೆ ಗೆದ್ದಿತು. ಸ್ವಿಸ್ ಪ್ರಸಾರ ಸಂಸ್ಥೆಯ ಮುಖ್ಯಸ್ಥ ಮಾರ್ಸೆಲ್ ಬೆಜಾನ್‌ಸೋನ್ ಮತ್ತು ಅವರ ಸಹೋದ್ಯೋಗಿಗಳು 1955ರಲ್ಲಿ ಯುರೋಪಿನ ಟೆಲಿವಿಷನ್ ಜಾಲವನ್ನು ಪರೀಕ್ಷಿಸಬಲ್ಲ ಜಂಟಿ ಕಾರ್ಯಕ್ರಮವೊಂದನ್ನು ಯೋಚಿಸುವಾಗ ಅವರ ಕಣ್ಣ ಮುಂದಿದ್ದ ಮಾದರಿ ಇದೇ ಉತ್ಸವ. 1956ರ ಮೇ 24ರಂದು ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ನಡೆದ ಮೊದಲ ಯೂರೋವಿಷನ್‌ಗೆ ಏಳು ದೇಶಗಳು ತಲಾ ಎರಡು ಹಾಡುಗಳನ್ನು ಕಳುಹಿಸಿದವು. ತಮ್ಮ ದೇಶದಲ್ಲಿ ಮೊದಲು ಒಂದು ರಾಷ್ಟ್ರೀಯ ಸುತ್ತು ನಡೆಸಿ ಹಾಡನ್ನು ಆರಿಸುವುದು ಒಳ್ಳೆಯದೆಂದು ಸಂಘಟಕರು ಶಿಫಾರಸು ಮಾಡಿದ್ದರೇ ಹೊರತು ಅದನ್ನು ಕಡ್ಡಾಯಗೊಳಿಸಿರಲಿಲ್ಲ. ಮುಂದಿನ ವರ್ಷದಿಂದ ದೇಶಕ್ಕೆ ಒಂದೇ ಹಾಡು ಎಂದು ನಿಗದಿಯಾದಾಗ ಆಯ್ಕೆಯ ಭಾರ ಇನ್ನಷ್ಟು ಹೆಚ್ಚಿತು.

ಆರಂಭದ ದಶಕಗಳ ಆಯ್ಕೆಗಳನ್ನು ಅರ್ಥಮಾಡಿಕೊಳ್ಳಬೇಕಾದರೆ ಆಗ ಸ್ಪರ್ಧಿಯೆಂದು ಎಣಿಕೆಯಾಗುತ್ತಿದ್ದುದು ಗಾಯಕನಲ್ಲ, ಹಾಡು ಎಂಬುದನ್ನು ನೆನಪಿನಲ್ಲಿಡಬೇಕು. ಸಾನ್‌ರೆಮೋದಲ್ಲಿ ಐವತ್ತು ಮತ್ತು ಅರವತ್ತರ ದಶಕಗಳ ಬಹುಕಾಲ ಒಂದೇ ಹಾಡನ್ನು ಇಬ್ಬರು ಕಲಾವಿದರು ಬೇರೆ ಬೇರೆಯಾಗಿ ಹಾಡುವ ಪದ್ಧತಿ ಇತ್ತು. ಹಾಡಿನ ಗುಣ ಹಾಡುವವರ ಆಕರ್ಷಣೆಯಲ್ಲಿ ಮುಚ್ಚಿಹೋಗಬಾರದೆಂಬುದು ಅದರ ಹಿಂದಿನ ತರ್ಕ. ಸ್ವೀಡನ್ನಿನಲ್ಲಿ 1959ರ ಆಯ್ಕೆ ಸುತ್ತಿನಲ್ಲಿ ಗೆದ್ದ ‘ಆಗಸ್ಟಿನ್’ ಹಾಡನ್ನು ವೇದಿಕೆಯಲ್ಲಿ ಹಾಡಿದವರು ಸೀವ್ ಮಾಲ್ಮ್‌ಕ್ವಿಸ್ಟ್, ಆದರೆ ಪ್ರಸಾರ ಸಂಸ್ಥೆ ಅದೇ ಹಾಡಿನೊಂದಿಗೆ ಆ ವರ್ಷದ ಯೂರೋವಿಷನ್ ನಡೆದ ಕಾನ್ ನಗರಕ್ಕೆ ಕಳುಹಿಸಿದ್ದು ಬ್ರೀಟಾ ಬೋರ್ಗ್ ಅವರನ್ನು. ಹಾಡು ದೇಶದ್ದು, ಅದಕ್ಕೆ ದನಿ ಒದಗಿಸುವವರನ್ನು ನೇಮಿಸುವುದು ಸಂಸ್ಥೆಯ ಕೆಲಸ ಎಂಬ ಭಾವನೆ ಈ ತೀರ್ಮಾನದ ಹಿಂದೆ ಇದ್ದಂತಿದೆ.

ಬಿಬಿಸಿ ಇದೇ ವಿಂಗಡಣೆಯನ್ನು ತಿರುಗುಮುರುಗಾಗಿಸಿತು. 1964ರಿಂದ 1975ರವರೆಗೆ ಅದು ಪ್ರತಿ ವರ್ಷ ಒಬ್ಬ ಗಾಯಕರನ್ನೋ ಒಂದು ತಂಡವನ್ನೋ ತಾನೇ ಆರಿಸಿ, ಅವರು ಹಾಡುವ ಕೆಲವು ಹೊಸ ಹಾಡುಗಳನ್ನು ಟೆಲಿವಿಷನ್ನಿನಲ್ಲಿ ಪ್ರಸಾರ ಮಾಡಿ, ಅವುಗಳಲ್ಲೊಂದನ್ನು ಆರಿಸುವ ಕೆಲಸವನ್ನು ಹೆಚ್ಚಿನ ವರ್ಷಗಳಲ್ಲಿ ವೀಕ್ಷಕರ ಅಂಚೆ ಕಾರ್ಡುಗಳಿಗೆ ಬಿಟ್ಟಿತು. ಈ ಹಂಚಿಕೆಯಲ್ಲಿ ಸಂಸ್ಥೆಯ ಅಭಿರುಚಿ, ಜನರ ಒಲವು ಎರಡಕ್ಕೂ ಸ್ಥಾನವಿತ್ತು, ಗಾಯಕರ ಇಷ್ಟಕ್ಕೆ ಮಾತ್ರ ಇರಲಿಲ್ಲ. 1967ರಲ್ಲಿ ‘ಪಪೆಟ್ ಆನ್ ಎ ಸ್ಟ್ರಿಂಗ್’ ಹಾಡಿನಿಂದ ಬ್ರಿಟನ್ನಿಗೆ ಮೊದಲ ಗೆಲುವು ತಂದ ಸ್ಯಾಂಡಿ ಶಾ ಆ ಹಾಡು ತಮಗೆ ಸೇರದೆಂಬುದನ್ನು ಮುಚ್ಚಿಡಲಿಲ್ಲ. 1969ರಲ್ಲಿ ಲುಲು ಹಾಡಿದ ಆರು ಹಾಡುಗಳ ಪೈಕಿ ಎಲ್ಟನ್ ಜಾನ್ ಮತ್ತು ಬರ್ನಿ ಟೌಪಿನ್ ಎಂಬ ಹೊಸಬರು ರಚಿಸಿದ್ದು ಕೊನೆಯ ಸ್ಥಾನಕ್ಕಿಳಿಯಿತು. 1971ರಲ್ಲಿ ಅಂಚೆ ನೌಕರರ ಮುಷ್ಕರದಿಂದ ಕಾರ್ಡುಗಳು ಬರುವ ದಾರಿಯೇ ಮುಚ್ಚಿದಾಗ ಪ್ರಾಂತೀಯ ತೀರ್ಪುಗಾರರ ಮಂಡಳಿಗಳು ಆ ಕೆಲಸ ಮಾಡಬೇಕಾಯಿತು. ಜನಮತವು ಅದನ್ನು ಹೊತ್ತು ತರುವ ಸಾಧನದ ಮೇಲೆ ಎಷ್ಟು ಅವಲಂಬಿತವಾಗಿದೆ ಎಂಬುದಕ್ಕೆ ಇದೊಂದು ಮುಂಚಿನ ನಿದರ್ಶನ.

ಪರಿಣತರ ಮಂಡಳಿಯ ಕಾಲವೂ ನಿರ್ವಿವಾದವಾಗಿರಲಿಲ್ಲ. ‘ಮೆಲೋಡಿಫೆಸ್ಟಿವಾಲೆನ್’ ಎಂಬ ಹೆಸರಿನ ಸ್ವೀಡಿಷ್ ಆಯ್ಕೆ ಸ್ಪರ್ಧೆಯಲ್ಲಿ 1973ರಲ್ಲಿ ಸಂಗೀತ ಬಲ್ಲವರ ಮಂಡಳಿ ‘ರಿಂಗ್ ರಿಂಗ್’ ಹಾಡನ್ನು ಮೂರನೆಯ ಸ್ಥಾನದಲ್ಲಿ ಇರಿಸಿತು. ಮುಂದೆ ಆಬ್ಬಾ ಎಂದು ಹೆಸರಾದ ನಾಲ್ವರು ಹಾಡಿದ ಆ ಗೀತೆ ಜನರಿಗೆ ಮೆಚ್ಚುಗೆಯಾದದ್ದರಿಂದ ತೀರ್ಪಿನ ವಿರುದ್ಧ ದೊಡ್ಡ ಆಕ್ಷೇಪ ಎದ್ದು, ಮುಂದಿನ ವರ್ಷ ಪರಿಣತರ ಬದಲು ಪ್ರಾಂತೀಯ ಮಂಡಳಿಗಳು ಬಂದವು. 1974ರಲ್ಲಿ ಅದೇ ತಂಡ ‘ವಾಟರ್‌ಲೂ’ ಹಾಡಿನೊಂದಿಗೆ ಆಯ್ಕೆಯಾಗಿ ಏಪ್ರಿಲ್ 6ರಂದು ಬ್ರೈಟನ್ನಿನಲ್ಲಿ ಗೆದ್ದಿತು. ಆ ಹಾಡು ಇಂಗ್ಲಿಷಿನಲ್ಲಿತ್ತು. ಪ್ರತಿ ದೇಶವೂ ತನ್ನ ಭಾಷೆಯಲ್ಲಿಯೇ ಹಾಡಬೇಕೆಂದು 1966ರಲ್ಲಿ ಬಂದಿದ್ದ ನಿಯಮ 1973ರಿಂದ 1976ರವರೆಗೆ ಸಡಿಲವಾಗಿದ್ದುದು ಅದಕ್ಕೆ ದಾರಿ ಮಾಡಿಕೊಟ್ಟಿತು.

ದೇಶವೆಂಬುದೇ ಹಲವು ಭಾಗಗಳ ಕೂಡಿಕೆಯಾಗಿದ್ದ ಕಡೆ ಆಯ್ಕೆಯ ಪ್ರಶ್ನೆ ಅಭಿರುಚಿಯ ಗಡಿಯನ್ನು ದಾಟಿತು. ಬೆಲ್ಜಿಯಂನಲ್ಲಿ ಡಚ್ ಭಾಷೆಯ ಮತ್ತು ಫ್ರೆಂಚ್ ಭಾಷೆಯ ಪ್ರಸಾರ ಸಂಸ್ಥೆಗಳು ಬಹುಕಾಲದಿಂದ ವರ್ಷಕ್ಕೊಬ್ಬರಂತೆ ಸರದಿಯ ಮೇಲೆ ಆ ಹೊಣೆ ಹೊತ್ತು ಜಗಳವನ್ನು ದೂರವಿಟ್ಟವು. ಯುಗೋಸ್ಲಾವಿಯ ಬೇರೆ ದಾರಿ ಹಿಡಿಯಿತು: 1961ರಲ್ಲಿ ಸ್ಪರ್ಧೆಗೆ ಕಾಲಿಟ್ಟ ಆ ದೇಶದಲ್ಲಿ ಗಣರಾಜ್ಯಗಳ ಟೆಲಿವಿಷನ್ ಕೇಂದ್ರಗಳು ತಮ್ಮ ತಮ್ಮ ಹಾಡುಗಳನ್ನು ‘ಯುಗೊವಿಝಿಯಾ’ ಎಂಬ ಜಂಟಿ ಸುತ್ತಿಗೆ ಕಳುಹಿಸುತ್ತಿದ್ದವು, ಕೇಂದ್ರಗಳ ತೀರ್ಪುಗಾರರು ಪರಸ್ಪರ ಅಂಕ ಕೊಡುತ್ತಿದ್ದರು. ಕ್ರೊಯೇಷಿಯಾದ ಝದಾರ್ ಪಟ್ಟಣದ ‘ರೀವಾ’ ತಂಡ 1989ರಲ್ಲಿ ಈ ದಾರಿಯಲ್ಲಿ ಆಯ್ಕೆಯಾಗಿ ಲೌಸಾನ್‌ನಲ್ಲಿ ಗೆದ್ದದ್ದರಿಂದ 1990ರ ಸ್ಪರ್ಧೆ ಝಾಗ್ರೆಬ್‌ನಲ್ಲಿ ನಡೆಯಿತು. ಅದರ ಮರುವರ್ಷವೇ ಯುಗೋಸ್ಲಾವಿಯ ಒಡೆಯತೊಡಗಿತು.

ಆ ಒಡಕಿನ ಕೊನೆಯ ಅಧ್ಯಾಯವೊಂದು ಆಯ್ಕೆಯ ವೇದಿಕೆಯಲ್ಲಿಯೇ ಕಾಣಿಸಿಕೊಂಡಿತು. ಸರ್ಬಿಯಾ ಮತ್ತು ಮಾಂಟೆನೆಗ್ರೋ ಎಂಬ ಜಂಟಿ ರಾಷ್ಟ್ರದ ಎರಡು ಪ್ರಸಾರ ಸಂಸ್ಥೆಗಳು 2006ರ ಮಾರ್ಚಿನಲ್ಲಿ ಬೆಲ್‌ಗ್ರೇಡಿನಲ್ಲಿ ‘ಎವ್ರೊಪೆಸ್ಮಾ’ ಎಂಬ ಆಯ್ಕೆ ಸುತ್ತು ನಡೆಸಿದಾಗ, ಮಾಂಟೆನೆಗ್ರೋದ ತೀರ್ಪುಗಾರರು ಸರ್ಬಿಯಾದ ಮುಂಚೂಣಿಯ ತಂಡಕ್ಕೆ ಒಂದೂ ಅಂಕ ಕೊಡಲಿಲ್ಲ, ಮಾಂಟೆನೆಗ್ರೋದ ‘ನೋ ನೇಮ್’ ತಂಡ ಗೆದ್ದಿತು. ಸಭಿಕರ ಪ್ರತಿಭಟನೆಯ ನಡುವೆ ಮುಗಿದ ಆ ಸಂಜೆಯ ಫಲಿತಾಂಶವನ್ನು ಸರ್ಬಿಯಾದ ಸಂಸ್ಥೆ ಒಪ್ಪಲಿಲ್ಲ, ಮತ್ತೊಮ್ಮೆ ಸ್ಪರ್ಧೆ ನಡೆಸಲು ಮಾಂಟೆನೆಗ್ರೋದ ಸಂಸ್ಥೆ ಒಪ್ಪಲಿಲ್ಲ. ಕೊನೆಗೆ ಆ ದೇಶ ಹಾಡನ್ನೇ ಕಳುಹಿಸದೆ ಅಥೆನ್ಸಿನ ಅಂತಿಮ ಸುತ್ತಿನಲ್ಲಿ ಮತ ಮಾತ್ರ ಹಾಕಿತು. ಆ ಅಂತಿಮ ಸುತ್ತು ನಡೆದದ್ದು ಮೇ 20ರಂದು. ಮರುದಿನ ಮೇ 21ರಂದು ಮಾಂಟೆನೆಗ್ರೋದ ಜನ ಪ್ರತ್ಯೇಕತೆಯ ಪರವಾಗಿ ಮತ ನೀಡಿದರು.

ಸ್ಪೇನಿನ ಎರಡು ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅರ್ಧ ಶತಮಾನದಲ್ಲಿ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಫ್ರಾಂಕೋ ಆಳ್ವಿಕೆಯ 1968ರಲ್ಲಿ ಟೆಲಿವಿಷನ್ ಸಂಸ್ಥೆ ಆರಿಸಿದ್ದ ಜೋನ್ ಮನುವೆಲ್ ಸೆರಾಟ್, ಹಾಡನ್ನು ಕ್ಯಾಟಲಾನ್ ಭಾಷೆಯಲ್ಲಿ ಹಾಡುವುದಾಗಿ ಪಟ್ಟು ಹಿಡಿದಾಗ ಸಂಸ್ಥೆ ಅವರನ್ನು ಕೈಬಿಟ್ಟು ಮಾಸಿಯೆಲ್ ಅವರಿಂದ ಸ್ಪ್ಯಾನಿಷಿನಲ್ಲಿ ಅದೇ ಹಾಡನ್ನು ಹಾಡಿಸಿತು. ಲಂಡನ್ನಿನಲ್ಲಿ ಅದು ಒಂದೇ ಅಂಕದ ಅಂತರದಲ್ಲಿ ಗೆದ್ದಿತು. 2022ರಲ್ಲಿ ‘ಬೆನಿಡಾರ್ಮ್ ಫೆಸ್ಟ್’ ಎಂಬ ಹೊಸ ಆಯ್ಕೆ ಉತ್ಸವದಲ್ಲಿ ಗಲೀಸಿಯಾ ಪ್ರಾಂತದ ‘ತಾನ್‌ಶುಗೇರಾಸ್’ ತಂಡ ಗಲೀಸಿಯನ್ ಭಾಷೆಯ ಹಾಡಿನೊಂದಿಗೆ ದೂರವಾಣಿ ಮತದಲ್ಲಿ ಮೊದಲು ನಿಂತರೂ, ಒಟ್ಟು ಅಂಕದ ಅರ್ಧ ಭಾಗ ಪರಿಣತರ ಕೈಯಲ್ಲಿದ್ದುದರಿಂದ ಶನೆಲ್ ಗೆದ್ದರು. ಭಾಷೆಯ ಕಾರಣಕ್ಕೆ ಒಬ್ಬರನ್ನು ಹೊರಗಿಡುವ ಅಧಿಕಾರ ಈಗ ಯಾರಿಗೂ ಇರಲಿಲ್ಲ; ಆದರೆ ಮತದ ಪಾಲು ಹಂಚುವ ಸೂತ್ರವೇ ಅನ್ಯಾಯವೆಂಬ ದೂರು ಎಷ್ಟು ಬಲವಾಯಿತೆಂದರೆ, ರಾಜಕೀಯ ಪಕ್ಷಗಳು ಅದನ್ನು ಸಂಸತ್ತಿನವರೆಗೆ ಒಯ್ದವು. ಅದೇ ಶನೆಲ್ ಟ್ಯೂರಿನ್ನಿನಲ್ಲಿ ಮೂರನೆಯ ಸ್ಥಾನ ಪಡೆದ ಮೇಲೆ ಆಕ್ಷೇಪದ ದನಿ ತಗ್ಗಿತು.

ಕೆಲವು ದೇಶಗಳಲ್ಲಿ ಆಯ್ಕೆಯ ಉತ್ಸವವೇ ಯೂರೋವಿಷನ್‌ಗಿಂತ ಹೆಚ್ಚಿನ ತೂಕ ಪಡೆದಿದೆ. ಅಲ್ಬೇನಿಯ ಸ್ಪರ್ಧೆಗೆ ಸೇರಿದ್ದು 2004ರಲ್ಲಿ, ಆದರೆ ಅದು ಇಂದು ಪ್ರತಿನಿಧಿಯನ್ನು ಆರಿಸುವ ‘ಫೆಸ್ಟಿವಾಲಿ ಇ ಕಾಂಗೆಸ್’ ಉತ್ಸವ 1962ರಿಂದ ನಡೆಯುತ್ತ ಬಂದದ್ದು. 1972ರ ಡಿಸೆಂಬರಿನ ಉತ್ಸವದಲ್ಲಿ ಪಾಶ್ಚಾತ್ಯ ಛಾಯೆ ಕಂಡಿತೆಂದು ಎನ್ವರ್ ಹೋಜಾ ಸರ್ಕಾರ ಸಿಡಿದೆದ್ದು, ಪ್ರಸಾರ ಸಂಸ್ಥೆಯ ಮುಖ್ಯಸ್ಥ ತೋದಿ ಲುಬೊನ್ಯಾ ಸೇರಿದಂತೆ ಹಲವರನ್ನು ಸೆರೆಗೆ ತಳ್ಳಿತು. ಪೋರ್ಚುಗಲ್ಲಿನ ಆಯ್ಕೆ ಉತ್ಸವದಲ್ಲಿ ಗೆದ್ದು 1974ರಲ್ಲಿ ಬ್ರೈಟನ್ನಿಗೆ ಹೋದ ಪಾವ್ಲೊ ದಿ ಕರ್ವಾಲ್ಯೊ ಅವರ ಹಾಡಿಗೆ ಸಿಕ್ಕಿದ್ದು ಮೂರೇ ಅಂಕ. ಅದೇ ಏಪ್ರಿಲ್ 24ರ ರಾತ್ರಿ ಲಿಸ್ಬನ್ ರೇಡಿಯೊದಲ್ಲಿ ಆ ಹಾಡನ್ನು ನುಡಿಸಿದ್ದು ಸರ್ವಾಧಿಕಾರವನ್ನು ಉರುಳಿಸಲು ಸಿದ್ಧವಾಗಿದ್ದ ಸೈನಿಕರಿಗೆ ಮೊದಲ ಸಂಕೇತವಾಯಿತು. ಎಲ್ಲರಿಗೂ ಪರಿಚಿತವಾದ, ಅನುಮಾನಕ್ಕೆ ಎಡೆಕೊಡದ ಹಾಡನ್ನು ಆಯ್ಕೆ ಉತ್ಸವ ಆ ವೇಳೆಗೆ ಒದಗಿಸಿತ್ತು. ಇಟಲಿಯಲ್ಲಿ ಈಗಿನ ಪದ್ಧತಿಯಂತೆ ಸಾನ್‌ರೆಮೋ ವಿಜೇತರಿಗೆ ಯೂರೋವಿಷನ್‌ಗೆ ಹೋಗುವ ಮೊದಲ ಹಕ್ಕು ಇರುತ್ತದೆ, ಹೋಗಲೇಬೇಕೆಂಬ ನಿರ್ಬಂಧವಿಲ್ಲ: 2016ರಲ್ಲಿ ‘ಸ್ತಾದಿಯೊ’ ತಂಡ ನಿರಾಕರಿಸಿತು, 2021ರಲ್ಲಿ ‘ಮೋನೆಸ್ಕಿನ್’ ತಂಡ ಒಪ್ಪಿ ಹೋಗಿ ಗೆದ್ದು ಬಂದಿತು.

ದೂರವಾಣಿ ಮತ ಬಂದದ್ದು ಆಯ್ಕೆಯ ಇತಿಹಾಸದ ದೊಡ್ಡ ತಿರುವು. ಅಂತಿಮ ಸ್ಪರ್ಧೆಯಲ್ಲಿ 1997ರಲ್ಲಿ ಐದು ದೇಶಗಳು ಅದನ್ನು ಪರೀಕ್ಷಿಸಿದವು, ಮರುವರ್ಷ ಬಹುತೇಕ ದೇಶಗಳು ಅಳವಡಿಸಿಕೊಂಡವು. ರಾಷ್ಟ್ರೀಯ ಸುತ್ತುಗಳಲ್ಲೂ ಅದು ಬೇಗನೆ ಹರಡಿತು. ಸ್ವೀಡನ್ 2002ರಲ್ಲಿ ತನ್ನ ಆಯ್ಕೆಯನ್ನು ಬೇರೆ ಬೇರೆ ಊರುಗಳಲ್ಲಿ ಹಲವು ವಾರ ನಡೆಯುವ ಸರಣಿಯಾಗಿ ಮಾರ್ಪಡಿಸಿ, ಅದನ್ನು ದೇಶದ ಅತ್ಯಂತ ಜನಪ್ರಿಯ ಟೆಲಿವಿಷನ್ ಕಾರ್ಯಕ್ರಮಗಳಲ್ಲಿ ಒಂದಾಗಿಸಿತು. ಜನರ ಕೈಗೆ ಪೂರ್ತಿ ಬಿಟ್ಟ ಕಡೆ ಜನ ಕೆಲವೊಮ್ಮೆ ಸ್ಪರ್ಧೆಯನ್ನೇ ಗೇಲಿ ಮಾಡಿದರು: 2008ರಲ್ಲಿ ಐರ್ಲೆಂಡಿನ ವೀಕ್ಷಕರು ಡಸ್ಟಿನ್ ಎಂಬ ಟರ್ಕಿ ಕೋಳಿಯ ಗೊಂಬೆಯನ್ನು, ಸ್ಪೇನಿನ ವೀಕ್ಷಕರು ಹಾಸ್ಯ ಕಾರ್ಯಕ್ರಮವೊಂದರ ಕಲ್ಪಿತ ಪಾತ್ರವನ್ನು ಆರಿಸಿ ಬೆಲ್‌ಗ್ರೇಡಿಗೆ ಕಳುಹಿಸಿದರು. ಜರ್ಮನಿಯಲ್ಲಿ 2015ರ ಆಯ್ಕೆಯಲ್ಲಿ ಗೆದ್ದ ಆಂಡ್ರಿಯಾಸ್ ಕ್ಯುಮರ್ಟ್ ನೇರ ಪ್ರಸಾರದಲ್ಲಿಯೇ ಗೆಲುವನ್ನು ಬಿಟ್ಟುಕೊಟ್ಟರು, ಎರಡನೆಯ ಸ್ಥಾನದಲ್ಲಿದ್ದ ಆ್ಯನ್ ಸೋಫಿ ವಿಯೆನ್ನಾಕ್ಕೆ ಹೋಗಿ ಸೊನ್ನೆ ಅಂಕದೊಂದಿಗೆ ಮರಳಿದರು.

ಇಂಥ ಅನುಭವಗಳ ನಂತರ ಹಲವು ಸಂಸ್ಥೆಗಳು ಮತ್ತೆ ‘ಆಂತರಿಕ ಆಯ್ಕೆ’ಗೆ, ಅಂದರೆ ಸಾರ್ವಜನಿಕ ಸುತ್ತಿಲ್ಲದೆ ಕಚೇರಿಯಲ್ಲಿಯೇ ಕಲಾವಿದರನ್ನು ಗೊತ್ತುಮಾಡುವ ಪದ್ಧತಿಗೆ, ಮರಳಿದವು. 2005ರಿಂದ 2012ರವರೆಗೆ ಒಮ್ಮೆಯೂ ಅಂತಿಮ ಸುತ್ತು ತಲುಪದ ನೆದರ್ಲೆಂಡ್ಸ್ 2013ರಲ್ಲಿ ಖ್ಯಾತ ಗಾಯಕಿ ಅನೂಕ್ ಅವರನ್ನು ನೇರವಾಗಿ ಆರಿಸಿ ಒಂಬತ್ತನೆಯ ಸ್ಥಾನ ಪಡೆಯಿತು, 2019ರಲ್ಲಿ ಅದೇ ಬಗೆಯಲ್ಲಿ ಆಯ್ಕೆಯಾದ ಡಂಕನ್ ಲಾರೆನ್ಸ್ ಗೆದ್ದರು. ಆದರೆ ಈ ಪದ್ಧತಿಗೂ ಖಾತರಿಯಿಲ್ಲ: ಬಿಬಿಸಿ ಆಂತರಿಕವಾಗಿ ಆರಿಸಿದ ಜೇಮ್ಸ್ ನ್ಯೂಮನ್ 2021ರಲ್ಲಿ ಸೊನ್ನೆ ಅಂಕ ಪಡೆದರು, ಹಾಗೆಯೇ ಆಯ್ಕೆಯಾದ ಸ್ಯಾಮ್ ರೈಡರ್ 2022ರಲ್ಲಿ ಎರಡನೆಯ ಸ್ಥಾನಕ್ಕೇರಿದರು.

ಹಾಡಿನ ಜೊತೆಗೆ ಹಾಡುವವರ ನಡೆಯೂ ಆಯ್ಕೆಯ ಮಾನದಂಡವಾದದ್ದು ಉಕ್ರೇನಿನಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. 2019ರ ‘ವಿದ್‌ಬೀರ್’ ಆಯ್ಕೆಯಲ್ಲಿ ಗೆದ್ದ ಮಾರುವ್, ರಷ್ಯಾದಲ್ಲಿ ಕಾರ್ಯಕ್ರಮ ನೀಡಬಾರದೆಂಬುದೂ ಸೇರಿದಂತೆ ಸಾರ್ವಜನಿಕ ಪ್ರಸಾರ ಸಂಸ್ಥೆ ಮುಂದಿಟ್ಟ ಕರಾರಿಗೆ ಒಪ್ಪಲಿಲ್ಲ. ನಂತರದ ಸ್ಥಾನದವರೂ ನಿರಾಕರಿಸಿದ್ದರಿಂದ ಆ ವರ್ಷ ದೇಶವೇ ಹಿಂದೆ ಸರಿಯಿತು. 2022ರಲ್ಲಿ ವಿಜೇತೆ ಅಲಿನಾ ಪಾಶ್ ಕ್ರಿಮಿಯಾಕ್ಕೆ ಹೋಗಿಬಂದ ವಿವಾದದಿಂದ ಹಿಂದೆ ಸರಿದಾಗ ಎರಡನೆಯ ಸ್ಥಾನದ ‘ಕಲುಶ್ ಆರ್ಕೆಸ್ಟ್ರಾ’ ಹೋಗಿ ಟ್ಯೂರಿನ್ನಿನಲ್ಲಿ ಗೆದ್ದಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಯುದ್ಧದ ನಡುವೆ, ಮುಂದಿನ ಆಯ್ಕೆಯ ಅಂತಿಮ ಸುತ್ತನ್ನು ಕೀವ್‌ನ ಮೆಟ್ರೋ ನಿಲ್ದಾಣವೊಂದರಲ್ಲಿ ನಡೆಸಿ, ‘ದಿಯಾ’ ಎಂಬ ಸರ್ಕಾರಿ ಸೇವೆಗಳ ಆ್ಯಪ್ ಮೂಲಕ ಮತ ಪಡೆಯಲಾಯಿತು.

ಅಂಚೆ ಕಾರ್ಡಿನಿಂದ ಆ್ಯಪ್‌ವರೆಗಿನ ಈ ದಾರಿಯಲ್ಲಿ ಯಾವ ವಿಧಾನವೂ ಗೆಲುವಿನ ಸೂತ್ರವೆಂದು ಸಾಬೀತಾಗಿಲ್ಲ. ಸಾರ್ವಜನಿಕ ಮತ, ಪರಿಣತರ ಮಂಡಳಿ, ಕಚೇರಿಯ ಆಯ್ಕೆ ಮೂರೂ ವಿಜೇತರನ್ನು ಕೊಟ್ಟಿವೆ, ಮೂರೂ ಸೋಲನ್ನೂ ಕಂಡಿವೆ. ಹಾಗಿದ್ದೂ ಪ್ರಸಾರ ಸಂಸ್ಥೆಗಳು ತಿಂಗಳುಗಟ್ಟಲೆ ಶ್ರಮ, ಹಣ, ಪ್ರಸಾರದ ಸಮಯ ವ್ಯಯಿಸಿ ರಾಷ್ಟ್ರೀಯ ಸುತ್ತುಗಳನ್ನು ನಡೆಸುತ್ತಿರುವುದಕ್ಕೆ ಕಾರಣವನ್ನು ಅಂತಿಮ ವೇದಿಕೆಯ ಅಂಕಗಳಲ್ಲಿ ಹುಡುಕಿದರೆ ಸಿಗದು. ಸೋತ ಹಾಡಿನ ಹೊಣೆಯನ್ನು ಹಂಚಿಕೊಳ್ಳುವವರು ಬೇಕು, ಗೆದ್ದ ಹಾಡಿನ ಮೇಲೆ ಹಕ್ಕು ಸಾಧಿಸುವವರೂ ಬೇಕು. ಆ ಇಬ್ಬರೂ ತಮ್ಮ ವೀಕ್ಷಕರೇ ಆಗಿರಲಿ ಎಂಬ ಅಪೇಕ್ಷೆಯಿಂದಲೇ ಪ್ರಸಾರ ಸಂಸ್ಥೆಗಳು ಅವರ ಕೈಗೆ ಮತವನ್ನು ಕೊಟ್ಟಿವೆ, ಮತ್ತು ಆ ಮತ ತಮಗೆ ಒಗ್ಗದಾಗ ನಿಯಮವನ್ನು ತಿದ್ದುವ ಅಧಿಕಾರವನ್ನು ತಮ್ಮಲ್ಲಿಯೇ ಉಳಿಸಿಕೊಂಡಿವೆ.