ಅಡ್ಯಾರಿನಿಂದ ಮಂಗಳೂರಿಗೆ ಬಂದ ಮತದ ಹಕ್ಕು

1917ರ ಡಿಸೆಂಬರಿನಲ್ಲಿ ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿ ಎಡ್ವಿನ್ ಮಾಂಟೆಗು ಮದರಾಸಿಗೆ ಬಂದಿದ್ದರು. ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಅವರೊಡನೆ ಮಾತಾಡಬೇಕೆಂದು ಮಾರ್ಗರೆಟ್ ಕಸಿನ್ಸ್ ಭೇಟಿ ಕೇಳಿದರು. ರಾಜಕೀಯ ವಿಷಯವಿದ್ದರೆ ಮಾತ್ರ ಅವಕಾಶ ಎಂದು ಉತ್ತರ ಬಂತು. ಕಸಿನ್ಸ್ ಹಿಂಜರಿಯಲಿಲ್ಲ, ಮನವಿಗೆ ಮತದಾನದ ಹಕ್ಕನ್ನೂ ಸೇರಿಸಿದರು. ಸರೋಜಿನಿ ನಾಯ್ಡು ಅವರ ಮುಂದಾಳತ್ವದಲ್ಲಿ ನಿಯೋಗ ಹೋಯಿತು. ಅನಿ ಬೆಸೆಂಟ್ ಇದ್ದರು, ಬೇಗಂ ಹಸ್ರತ್ ಮೊಹಾನಿ ಇದ್ದರು. ಬರಲಿದ್ದ ಹೊಸ ಆಡಳಿತ ಸುಧಾರಣೆಯಲ್ಲಿ ‘ಜನ’ ಎಂದಾಗ ಹೆಂಗಸರೂ ಅದರಲ್ಲಿ ಸೇರಿರಬೇಕು ಎಂಬುದು ಅವರ ಬೇಡಿಕೆ.

ಈ ಮಾರ್ಗರೆಟ್ ಯಾರೆಂದರೆ, ತರುಣ ಕುವೆಂಪು ಅವರಿಗೆ ಕನ್ನಡದಲ್ಲಿ ಬರೆಯಲು ಹೇಳಿದ ಜೇಮ್ಸ್ ಕಸಿನ್ಸ್ ಅವರ ಪತ್ನಿ. 1908ರಲ್ಲಿ ಐರ್ಲೆಂಡಿನಲ್ಲಿ ಮಹಿಳಾ ಮತಾಧಿಕಾರದ ಸಂಘ ಕಟ್ಟಿದವರಲ್ಲಿ ಒಬ್ಬರು. ಲಂಡನ್ನಿನಲ್ಲೂ ಐರ್ಲೆಂಡಿನಲ್ಲೂ ಅದಕ್ಕಾಗಿ ಜೈಲು ಕಂಡಿದ್ದರು. 1915ರಲ್ಲಿ ಗಂಡಹೆಂಡಿರು ಭಾರತಕ್ಕೆ ಬಂದು ಮದನಪಲ್ಲಿಯಲ್ಲಿ ನೆಲೆಸಿದರು. ‘ಜನಗಣಮನ’ದ ರಾಗವನ್ನು 1919ರಲ್ಲಿ ಅಲ್ಲಿಯೇ ಸ್ವರಲಿಪಿಗೆ ಇಳಿಸಿದ ಕೈ ಮಾರ್ಗರೆಟ್ ಅವರದು.

ನಿಯೋಗದ ಹಿಂದಿದ್ದ ಸಂಘಟನೆ ಆಗಿನ್ನೂ ಎಳೆಯದು. 1917ರ ಮೇ ತಿಂಗಳಲ್ಲಿ ಮದರಾಸಿನ ಅಡ್ಯಾರಿನಲ್ಲಿ ಮಾರ್ಗರೆಟ್ ಮತ್ತು ಡೊರೊಥಿ ಜಿನರಾಜದಾಸ ಭಾರತೀಯ ಮಹಿಳಾ ಸಂಘವನ್ನು ಹುಟ್ಟುಹಾಕಿದ್ದರು. ಅದಕ್ಕೂ ಮೊದಲೇ ಅಲ್ಲಿ ತಮಿಳು ಹೆಂಗಸರ ‘ತಮಿಳ್ ಮಾದರ್ ಸಂಗಮ್’ ಇತ್ತು. ಹೊಸ ಸಂಘ ಆ ಬುನಾದಿಯ ಮೇಲೆ ನಿಂತಿತು. ಬೆಸೆಂಟ್ ಅಧ್ಯಕ್ಷೆ. ಸಂಘದ ಪತ್ರಿಕೆಯ ಹೆಸರು ‘ಸ್ತ್ರೀ ಧರ್ಮ’.

ಮಾರ್ಗರೆಟ್, ಡೊರೊಥಿ, ಬೆಸೆಂಟ್ ಮೂವರೂ ಅಡ್ಯಾರಿನ ಥಿಯಾಸಾಫಿಕಲ್ ಸೊಸೈಟಿಯವರು. ಜನಾಂಗ, ಮತ, ಲಿಂಗ, ಜಾತಿ, ಬಣ್ಣಗಳ ಭೇದವಿಲ್ಲದ ಸೋದರತ್ವ ಆ ಸೊಸೈಟಿಯ ಮೊದಲ ಉದ್ದೇಶ. ‘ಲಿಂಗ’ ಎಂಬ ಮಾತು ಆ ಪಟ್ಟಿಯಲ್ಲಿದ್ದುದು ಸಣ್ಣ ಸಂಗತಿಯಲ್ಲ. ಊರೂರಿನ ಥಿಯಾಸಾಫಿಕಲ್ ಲಾಡ್ಜುಗಳ ಸಂಪರ್ಕಜಾಲ ಸಂಘದ ಶಾಖೆಗಳಿಗೆ ಆಸರೆಯಾಯಿತು. 1917ರಲ್ಲಿ ಸರ್ಕಾರ ಬೆಸೆಂಟ್ ಅವರನ್ನು ಬಂಧನದಲ್ಲಿಟ್ಟಾಗ ದಕ್ಷಿಣದ ಹೆಂಗಸರು ಮೆರವಣಿಗೆಯಲ್ಲಿ ದೇವಸ್ಥಾನಗಳಿಗೆ ಹೋಗಿ ಅವರ ಬಿಡುಗಡೆಗೆ ಪ್ರಾರ್ಥಿಸಿದರು. ರಾಜಕೀಯ ಸಭೆಗೆ ಕಳಿಸದ ಮನೆಯೂ ಗುಡಿಗೆ ಹೋಗುವವಳನ್ನು ತಡೆಯಲಾರದು.

ಧರ್ಮದ ಈ ಬೆಂಬಲ ಯಾಕೆ ಮುಖ್ಯವಾಯಿತೆಂಬುದು ಸರ್ಕಾರದ ಉತ್ತರ ನೋಡಿದರೆ ತಿಳಿಯುತ್ತದೆ. ಮತದಾನದ ಅರ್ಹತೆಯನ್ನು ಪರಿಶೀಲಿಸಿದ ಸೌತ್‌ಬರೋ ಸಮಿತಿ 1919ರಲ್ಲಿ ಹೆಂಗಸರಿಗೆ ಮತ ಬೇಡವೆಂದಿತು. ಪರ್ದಾ ಇರುವ, ಸಂಪ್ರದಾಯ ಬಿಗಿಯಾಗಿರುವ ಸಮಾಜಕ್ಕೆ ಇದು ಅಕಾಲಿಕ ಎಂಬುದು ಅದರ ವಾದ. ಅಂದರೆ ಇಲ್ಲಿಯ ಧರ್ಮವನ್ನೇ ಅಡ್ಡಗೋಡೆ ಮಾಡಿತು. ಉಪನಿಷತ್ತಿನ ಗಾರ್ಗಿ, ಮೈತ್ರೇಯಿಯರನ್ನೂ ಶಕ್ತಿಪೂಜೆಯನ್ನೂ ಮುಂದಿಟ್ಟು ವಾದಿಸುತ್ತಿದ್ದ ಅಡ್ಯಾರಿನ ಬಳಗ ಆ ಗೋಡೆಯನ್ನು ಒಳಗಿನಿಂದಲೇ ಕೆಡವಲು ನಿಂತಿತ್ತು. ಅದೇ ವರ್ಷ ಪಾರ್ಸಿ ಥಿಯಾಸಾಫಿಸ್ಟ್ ಹೀರಾಬಾಯಿ ಟಾಟಾ ಮಗಳು ಮಿಠನ್ ಜೊತೆ ಲಂಡನ್ನಿಗೇ ಹೋಗಿ ವಾದ ಮಂಡಿಸಿದರು. ಲಂಡನ್ ತೀರ್ಮಾನ ಕೊಡದೆ ಪ್ರಾಂತ್ಯಗಳ ಶಾಸನಸಭೆಗಳಿಗೆ ಬಿಟ್ಟುಕೊಟ್ಟಿತು.

ಬ್ರಿಟಿಷ್ ಪ್ರಾಂತ್ಯಗಳಲ್ಲಿ ಮೊದಲು ಒಪ್ಪಿದ್ದು ಮದರಾಸು, 1921ರಲ್ಲಿ. ಬೊಂಬಾಯಿಯೂ ಅದೇ ವರ್ಷ ಒಪ್ಪಿತು; ಬಂಗಾಳ ಆಗ ತಿರಸ್ಕರಿಸಿ 1925ರಲ್ಲಿ ಮನಸ್ಸು ಬದಲಿಸಿತು. ದಕ್ಷಿಣ ಕನ್ನಡ, ಬಳ್ಳಾರಿಗಳು ಮದರಾಸಿನಲ್ಲಿದ್ದವು. ಧಾರವಾಡ, ಬೆಳಗಾವಿ, ವಿಜಾಪುರಗಳು ಬೊಂಬಾಯಿಯಲ್ಲಿ. ಹೀಗೆ ಕನ್ನಡದ ಒಂದಷ್ಟು ಹೆಂಗಸರಿಗೆ 1921ರಲ್ಲೇ ಮತ ಬಂತು. ಮೈಸೂರು ಸಂಸ್ಥಾನ 1923ರಲ್ಲಿ ಪ್ರಜಾಪ್ರತಿನಿಧಿ ಸಭೆಯ ಮತದಾನದ ಬಾಗಿಲನ್ನು ಹೆಂಗಸರಿಗೆ ತೆರೆಯಿತು. ಆದರೆ ಮತ ಸಿಕ್ಕಿದ್ದು ಆಸ್ತಿ, ತೆರಿಗೆಯ ಅರ್ಹತೆ ಇದ್ದವರಿಗೆ. ಹೆಂಗಸರ ಹೆಸರಿನಲ್ಲಿ ಆಸ್ತಿ ಅಪರೂಪವಾಗಿದ್ದ ನಾಡಿನಲ್ಲಿ ಅದು ಎಷ್ಟು ಮಂದಿಯನ್ನು ಮುಟ್ಟೀತು! ಗದ್ದೆಯಲ್ಲಿ ನಾಟಿ ಮಾಡುವವಳು, ಬೀಡಿ ಕಟ್ಟುವವಳು ಹೊರಗೇ ಉಳಿದರು. ಗಾರ್ಗಿಯ ಹೆಸರು ಹೇಳಿ ಗೆದ್ದ ವಾದ ಅವರ ಪರವಾಗಿ ಏನನ್ನೂ ಕೇಳಿರಲಿಲ್ಲ ಎಂಬುದನ್ನು ಮರೆಮಾಚಬಾರದು.

ಮತ ಹಾಕುವುದು ಬೇರೆ, ಚುನಾವಣೆಗೆ ನಿಲ್ಲುವುದು ಬೇರೆ. ಆ ಅವಕಾಶ ಮದರಾಸಿನಲ್ಲಿ ಸಿಕ್ಕಿದ್ದು 1926ರಲ್ಲಿ. ಮಾರ್ಗರೆಟ್ ಒತ್ತಾಯಿಸಿದ್ದು ಮಂಗಳೂರಿನ ಮಗಳನ್ನು: ಬಾಲವಿಧವೆಯಾಗಿ, ಮರುಮದುವೆಯಾಗಿ, ಊರಿನ ಮಾತುಗಳನ್ನೆಲ್ಲ ಕೇಳಿದ್ದ ಕಮಲಾದೇವಿ ಚಟ್ಟೋಪಾಧ್ಯಾಯ. ಆಗ ಅವರಿಗೆ 23 ವರ್ಷ. ಮಾರ್ಗರೆಟ್ ಸ್ವತಃ ಪ್ರಚಾರಕ್ಕಿಳಿದರು. ಕಮಲಾದೇವಿ ಅಲ್ಪ ಮತಗಳ ಅಂತರದಲ್ಲಿ ಸೋತರು. ಸಂಘದ ಇನ್ನೊಬ್ಬ ನಾಯಕಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ನಾಮನಿರ್ದೇಶನಗೊಂಡು ಮದರಾಸಿನ ಶಾಸನಸಭೆ ಸೇರಿದರು. ದೇವದಾಸಿ ಪದ್ಧತಿಯ ವಿರುದ್ಧ ಅವರು ಹೂಡಿದ ಹೋರಾಟ, ದೇವಸ್ಥಾನದೊಳಗೇ ಹೆಣ್ಣಿಗೆ ನ್ಯಾಯ ಕೇಳಿತು.

2026 ಮಂಗಳೂರಿನ ಆ ಚುನಾವಣೆಯ ನೂರನೆಯ ವರ್ಷ. ಕಮಲಾದೇವಿಯವರನ್ನು ಕರಕುಶಲ ಕಲೆಗಳ ಪೋಷಕಿಯೆಂದು ನೆನೆಯುವ ಕರಾವಳಿ, ಆ ಚುನಾವಣಾ ಕಣವನ್ನೂ ತನ್ನ ಶಾಲಾ ಪಾಠಗಳಿಗೆ ಸೇರಿಸಿಕೊಳ್ಳಲಿ.