ಮಸ್ಕಿಯ ಬಂಡೆಯೂ ಮನಸ್ಸಿನ ನೆಮ್ಮದಿಯೂ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಅಲ್ಲಿಯ ಗುಡ್ಡದ ಬಂಡೆಯೊಂದರ ಮೇಲೆ ಬ್ರಾಹ್ಮೀ ಲಿಪಿಯ ಪ್ರಾಕೃತ ಶಾಸನವಿದೆ. 1915ರಲ್ಲಿ ಚಿನ್ನದ ನಿಕ್ಷೇಪಗಳನ್ನು ಅರಸುತ್ತಿದ್ದ ಸಿ. ಬೀಡನ್ ಎಂಬ ಗಣಿ ಎಂಜಿನಿಯರು ಅದನ್ನು ಕಂಡರು. ಅದುವರೆಗೆ ದೊರೆತಿದ್ದ ಧರ್ಮಲಿಪಿಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಅಶೋಕನೆಂಬ ಹೆಸರು ಮೊದಲು ಓದಿಗೆ ಸಿಕ್ಕಿದುದು ಮಸ್ಕಿಯಲ್ಲಿ.

ಇಷ್ಟನ್ನು ನೀವು ಶಾಲೆಯಲ್ಲಿಯೇ ಓದಿದ್ದೀರಿ. ಆದರೆ ಆ ಬಂಡೆ ಹೇಳುವುದೇನೆಂದು ಕೇಳುವವರು ಕಡಮೆ. ದಿನಬೆಳಗಾದರೆ ಗಡಿಬಿಡಿಯಲ್ಲಿ ಬೇಯುವ ನಮಗೆ ಅದರಲ್ಲಿ ಬೇಕಾದ ಮಾತುಂಟು. ಶ್ರೇಯಸ್ಸು ದೊಡ್ಡವರಿಗೆ ಮಾತ್ರ ಮೀಸಲೆಂದು ಎಣಿಸಬಾರದು, ಧರ್ಮದಲ್ಲಿ ನಿಂತ ಸಾಮಾನ್ಯನೂ ಅದನ್ನು ಪಡೆಯಬಲ್ಲನು ಎಂಬುದೇ ಅದರ ತಿರುಳು. ಇದೇ ಪ್ರಕಟಣೆಯ ಬ್ರಹ್ಮಗಿರಿಯ ಪಾಠದಲ್ಲಿ ದೊರೆ ತನ್ನ ವಿಷಯವನ್ನೂ ಮುಚ್ಚಿಟ್ಟಿಲ್ಲ. ಉಪಾಸಕನಾದ ಮೇಲೆ ಒಂದು ವರ್ಷ ತಾನು ಹೆಚ್ಚು ಶ್ರಮಿಸಲಿಲ್ಲ, ಸಂಘವನ್ನು ಸೇರಿದ ಮೇಲೆ ಶ್ರಮಿಸಿದೆನು ಎಂದು ಬರೆಯಿಸಿದ್ದಾನೆ. ಚಕ್ರವರ್ತಿಗೇ ಒಂದು ವರ್ಷ ಹಿಡಿದ ಕೆಲಸ ನಮಗೆ ಒಂದು ವಾರದಲ್ಲಿ ಕೈಗೂಡಲಿಲ್ಲವೆಂದು ಮರುಗಬೇಕೆ?

ಮನಸ್ಸಿನ ಬಿಗುವನ್ನು ಕುರಿತು ಇನ್ನೂ ನೇರವಾಗಿ ಹೇಳುವ ಶಾಸನ ಬೇರೆಯಿದೆ. ಒಡಿಶಾದ ಧೌಲಿ, ಜೌಗಡಗಳಲ್ಲಿರುವ ಆ ಆಜ್ಞೆಯ ಭಾಗಗಳು, 1980ರ ದಶಕದ ಕೊನೆಯಲ್ಲಿ, ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ಬೆಳಕಿಗೆ ಬಂದವು. ನಗರಗಳಲ್ಲಿ ನ್ಯಾಯ ನೋಡುವ ಮಹಾಮಾತ್ರರಿಗೆ ಅಶೋಕನು ಕೊಟ್ಟ ಎಚ್ಚರಿಕೆ ಅದು. ಅಸೂಯೆ, ಕೋಪ, ಕ್ರೌರ್ಯ, ಆತುರ, ಅಭ್ಯಾಸದ ಕೊರತೆ, ಸೋಮಾರಿತನ, ಆಯಾಸ ಇವು ತಮ್ಮಲ್ಲಿ ಸೇರದಂತೆ ಅವರು ನೋಡಿಕೊಳ್ಳಬೇಕು. ಕೋಪವೂ ಆತುರವೂ ಇಲ್ಲದಿರುವುದೇ ಎಲ್ಲಕ್ಕೂ ಮೂಲ.

ದೊರೆಗೆ ಈ ಚಿಂತೆ ಏಕೆ? ಅಧಿಕಾರಿಯ ಮನಸ್ಸು ಕೆಟ್ಟರೆ ನಿರಪರಾಧಿ ಸೆರೆಮನೆ ಸೇರುತ್ತಾನೆ, ಅವನೊಡನೆ ಹಲವರು ನೋಯುತ್ತಾರೆ. ಆಜ್ಞೆಯಲ್ಲಿಯೇ ಈ ಕಾರಣವಿದೆ. ನಮ್ಮ ಮನೆಗಳಲ್ಲಿಯೂ ಹೀಗೆಯೇ ಅಲ್ಲವೆ? ಕಚೇರಿಯಲ್ಲಿ ಹುಟ್ಟಿದ ಸಿಟ್ಟು ಸಂಜೆ ಮಗುವಿನ ಬೆನ್ನ ಮೇಲೆ ಬೀಳುತ್ತದೆ. ಬಿಗುವು ಒಬ್ಬನದು, ಪೆಟ್ಟು ಇನ್ನೊಬ್ಬನಿಗೆ!

ಪರಿಹಾರವನ್ನೂ ಆ ಆಜ್ಞೆ ಸರಳವಾಗಿ ಸೂಚಿಸುತ್ತದೆ. ಮೊದಲನೆಯದು, ದೋಷವನ್ನು ಹೆಸರಿಟ್ಟು ಗುರುತಿಸುವುದು. ‘ಇದು ಕೋಪ’, ‘ಇದು ಬರಿಯ ದಣಿವು’ ಎಂದು ತಿಳಿದರೆ ಅರ್ಧ ಭಾರ ಇಳಿದಂತೆ. ಎರಡನೆಯದು, ದಣಿದು ಕುಳಿತವನು ಏಳಲಾರನಾದ್ದರಿಂದ ಎದ್ದು ನಾಲ್ಕು ಹೆಜ್ಜೆ ಮುಂದೆ ನಡೆಯುವುದು. ಮೂರನೆಯದು, ಗೊತ್ತಾದ ದಿನ ಒಳ್ಳೆಯ ಮಾತಿಗೆ ಕಿವಿಗೊಡುವುದು. ತಿಷ್ಯ, ಎಂದರೆ ಪುಷ್ಯ ನಕ್ಷತ್ರದ ದಿನ, ಈ ಲಿಪಿಯನ್ನು ಓದಿಸಿ ಕೇಳಬೇಕೆಂದೂ ನಡುವೆ ಒಬ್ಬನೇ ಇದ್ದರೂ ಕೇಳಬಹುದೆಂದೂ ಅಶೋಕನು ವಿಧಿಸಿದನು.

ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಮಾತಿದು. ಇದಕ್ಕೆ ಹಣ ಬೇಡ, ವಿದ್ವತ್ತು ಬೇಡ. ನಾಳೆ ಯಾರ ಮೇಲಾದರೂ ರೇಗುವ ಮುನ್ನ ಒಂದು ಕ್ಷಣ ತಡೆಯಿರಿ. ಆ ಕ್ಷಣದಲ್ಲಿ ನೀವೂ ಒಬ್ಬ ಮಹಾಮಾತ್ರರು. ಎದುರಿಗಿರುವವನ ನೆಮ್ಮದಿ ನಿಮ್ಮ ಕೈಯಲ್ಲಿರುತ್ತದೆ.